ಜಾಕೆಟ್ ಮೇಲೊಂದು ತೋಳ

ನಮಸ್ಕಾರ ಎಲ್ರಿಗೂ. ಈ ಸಲ, ಮಕ್ಕಳು ವೇಷ ಹಾಕಿ ಸಂಜೆ ಮನೆ ಮನೆಗೆ ಹೋಗೋ ಹ್ಯಾಲೋವೀನ್‌ಗೆ ಮಗಳು ತೋಳ ಆಗ್ತಾಳಂತೆ. ರೆಡಿಮೇಡ್ ವೇಷ ನೋಡಿದ್ವಿ, ಬಟ್ಟೆ ಕೈಗೇ ಸಿಗಲ್ಲ, ಅಷ್ಟು ತೆಳು. ಸರಿ, ನಾನೇ ಹೊಲೀತೀನಿ ಅಂದೆ.

ಮೊದಲ ಕಷ್ಟ ಅಳತೆಯದ್ದು. ನಾವಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಅಕ್ಟೋಬರ್ 31ರ ಸಂಜೆಯನ್ನ ನಂಬೋ ಹಾಗಿಲ್ಲ. 1991ರಲ್ಲಿ ಹ್ಯಾಲೋವೀನ್ ದಿನಾನೇ ಶುರುವಾದ ಹಿಮ ನಿಲ್ಲೋ ಹೊತ್ತಿಗೆ 28 ಇಂಚು ದಾಟಿತ್ತು. ಅಷ್ಟು ಕಷ್ಟಪಟ್ಟು ಹೊಲಿದ ವೇಷದ ಮೇಲೆ ಜಾಕೆಟ್ ಹಾಕಿಬಿಟ್ರೆ ತೋಳ ಎಲ್ಲಿ ಕಾಣತ್ತೆ? ಅದಕ್ಕೇ ಮೊದಲು ಜಾಕೆಟ್ ಹಾಕಿಸಿ, ಅದರ ಮೇಲೇ ಟೇಪು ಹಿಡಿದೆ. ನಿಲ್ಲಿಸಿ ಅಳೆದ್ರೆ ಸಾಲದು, ಕೂರಿಸಿ, ಕೈ ಎತ್ತಿಸಿಯೂ ನೋಡಿ. ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರ್ಲಿ. ಯಾಕೆ ಅಂತ ಬಾತ್‌ರೂಮಿಗೆ ಅವಸರ ಆದಾಗ ಗೊತ್ತಾಗತ್ತೆ.

ಈಗ ಫರ್ ಬಟ್ಟೆ. ಬ್ಲೌಸ್ ಹೊಲಿದ ಕೈ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರಲ್ಲ. ನೋಡಿ, ಬಟ್ಟೆ ಮಗುಚಿ ಹಿಂಬದಿಗೆ ಗುರುತು ಹಾಕ್ತಿದೀನಿ. ಕೂದಲು ಕೆಳಮುಖ ಇರ್ಬೇಕು, ಎಲ್ಲ ತುಂಡಲ್ಲೂ. ಒಂದೊಂದೇ ಪದರ ಕತ್ತರಿಸ್ಬೇಕು. ಎಡಗೈದು ಆದ ಮೇಲೆ ಪ್ಯಾಟರ್ನ್ ತಿರುಗಿಸಿ ಇಡೋದು ಮರೀಬೇಡಿ, ಇಲ್ಲಾಂದ್ರೆ ಎರಡೂ ಎಡಗೈ ತೋಳೇ ಆಗತ್ತೆ. ಕತ್ತರಿ ಬೇಡ, ಬ್ಲೇಡು ಹಿಡೀರಿ. ಹಿಂಬದಿಯ ಬಟ್ಟೆ ಮಾತ್ರ ಸೀಳ್ಬೇಕು, ಕೂದಲು ಉಳೀಬೇಕು. ಕತ್ತರಿಯಲ್ಲಿ ಕಚಕ್ ಅಂದ್ರೆ ಜೋಡಿಸಿದ ಕಡೆ ಕ್ಷೌರ ಮಾಡಿಸಿದ ಹಾಗೆ ಗೆರೆ ಕಾಣತ್ತೆ. ಆಮೇಲೆ ತುಂಡುಗಳನ್ನ ಹೊರಗೆ ಹೋಗಿ ಕೊಡವಿ. ನಾನು ಕೊಡವಿಯೂ ರಾತ್ರಿ ಸಾರಲ್ಲಿ ಬೂದು ಕೂದಲು ಸಿಕ್ತು, ಮನೆಯವರು ಏನೂ ಮಾತಾಡ್ಲಿಲ್ಲ.

ಹೊಲಿಯುವಾಗ ಅಂಚಿನ ಕೂದಲನ್ನ ಒಳಗೆ ತಳ್ಳಿ ಕ್ಲಿಪ್ ಹಾಕಿ. ಸೂಜಿ ದಪ್ಪದ್ದು, ಹೊಲಿಗೆ ಉದ್ದದ್ದು, 4 ಮಿಲಿಮೀಟರ್ ಸಾಕು. ಮುಗಿದ ಮೇಲೆ ದಬ್ಬಳದಿಂದ ಸಿಕ್ಕಿಕೊಂಡ ಕೂದಲನ್ನ ಮೆಲ್ಲಗೆ ಎಳೀರಿ. ಈಗ ಹೇಳಿ, ಹೊಲಿಗೆ ಎಲ್ಲಿದೆ? ಹುಡುಕಿ! ಇಷ್ಟೂ ಕಷ್ಟಕ್ಕೆ ಸಿಗೋ ಕೂಲಿ ಇದೇ. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ, ಈ ಕೂದಲು ಪ್ಲಾಸ್ಟಿಕ್ಕು, ಕರಗಿ ಅಂಟಾಗತ್ತೆ.

ಜಿಪ್ ಹಾಕಿದ್ರೆ ಕೂದಲು ಹಲ್ಲಿಗೆ ಸಿಕ್ಕತ್ತೆ, ವೆಲ್ಕ್ರೋ ಅಂತೂ ಕೂದಲನ್ನೇ ಕಿತ್ತು ತಿನ್ನತ್ತೆ. ದೊಡ್ಡ ಟಿಚ್ ಬಟನ್ನೇ ವಾಸಿ, ಗ್ಲೌಸ್ ಹಾಕಿದ ಕೈಗೂ ಸಿಗತ್ತೆ. ಮುಖವಾಡ ಬೇಡ ಅಂದೆ, ಕತ್ತಲಲ್ಲಿ ಮೆಟ್ಟಿಲು ಕಾಣ್ಬೇಕಲ್ಲ. ತಲೆಗೆ ಟೊಪ್ಪಿ, ಅದಕ್ಕೇ ಕಿವಿ.

ಬಾಲವನ್ನ ಪ್ಯಾಂಟಿಗೆ ಹೊಲಿದ್ರೆ ಭಾರಕ್ಕೆ ಪ್ಯಾಂಟೇ ಜಾರತ್ತೆ, ಹಾಗಾಗಿ ಒಳಗಡೆ ಎಲಾಸ್ಟಿಕ್ ಪಟ್ಟಿ ಕಟ್ಟಿ ಅದಕ್ಕೆ ಸೇರಿಸಿದೆ. ಉದ್ದ ಮೊಣಕಾಲಿಗಿಂತ ಮೇಲೇ ನಿಲ್ಲಿಸಿದೀನಿ. ನಮ್ಮ ಬೀದಿಯಲ್ಲಿ ಕೆಲವರು ಇನ್ನೂ ಕುಂಬಳಕಾಯಿ ಒಳಗೆ ಮೇಣದಬತ್ತಿ ಹಚ್ಚಿ ಬಾಗಿಲಲ್ಲಿ ಇಡ್ತಾರೆ, ಉದ್ದ ಬಾಲ ಅದಕ್ಕೆ ತಗುಲಿದ್ರೆ ಬೆಂಕಿ ಹತ್ತತ್ತೆ. ಬಾಲ ಗಿಡ್ಡ ಆಯ್ತು ಅಂತ ಮಗಳಿಗೆ ಇದೊಂದೇ ಸಿಟ್ಟು. "ಅಮ್ಮಾ, ಇದು ಮೊಲದ ಬಾಲ" ಅಂತ ಮುಖ ಊದಿಸ್ಕೊಂಡು ಕೂತಿದಾಳೆ. ಕಿವಿ ಇನ್ನೂ ಬಾಕಿ, ಬಕ್ರಂ ಕೊಟ್ಟು ನೆಟ್ಟಗೆ ನಿಲ್ಲಿಸ್ಬೇಕು. ಬನ್ನಿ, ಅದನ್ನ ಕತ್ತರಿಸೋಣ.