ಆಫ್ರಿಕಾದಲ್ಲಿ ಕಾಡು ಕೊಳ್ಳೋ ಆಸೆ ಇದೆಯಾ? ಮೊದಲು ಬೇಲಿ ಆಚೆ ನೋಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಇದ್ದೆ. ಆದರೆ ಹೋದ ವಾರದ ವಿಡಿಯೊ ಕೆಳಗೆ ಒಬ್ಬರು ಹಾಕಿದ ಕಾಮೆಂಟ್ ತಲೆಯಿಂದ ಹೋಗುತ್ತಲೇ ಇಲ್ಲ. ಓದುತ್ತೇನೆ, ಕೇಳಿ. "ಅಣ್ಣಾ, ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ತಗೊಳ್ಳೋ ದುಡ್ಡಿಗೆ ದಕ್ಷಿಣ ಆಫ್ರಿಕಾದಲ್ಲಿ ಜಿಂಕೆ, ಜಿರಾಫೆ ಸಮೇತ ಕಾಡೇ ಸಿಗುತ್ತೆ. ನಾವು ಫ್ರೆಂಡ್ಸ್ ಸೇರಿ ಒಂದು ಗೇಮ್ ರ‍್ಯಾಂಚ್ ತಗೊಳ್ತಾ ಇದ್ದೀವಿ. ಎಕರೆಗೆ ರೇಟ್ ಎಷ್ಟಿರಬಹುದು?" ಅದರ ಕೆಳಗೆ ಲೈಕುಗಳ ಸುರಿಮಳೆ. "ನನ್ನನ್ನೂ ಸೇರಿಸ್ಕೊಳ್ಳಿ ಗುರು" ಅನ್ನುವವರ ಸಾಲು.

ರೇಟ್ ಕೇಳಿದರು. ಜಿರಾಫೆ ಎಷ್ಟಿವೆ ಅಂತ ಕೇಳಿದರು. ವಿಮಾನ ಇಳಿಯೋಕೆ ಜಾಗ ಇದೆಯಾ ಅಂತಲೂ ಒಬ್ಬರು ಕೇಳಿದರು. ಬೇಲಿ ಆಚೆ ಯಾರಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಮೊದಲು ವ್ಯವಹಾರ ಏನು ಅಂತ ತಿಳಿದುಕೊಳ್ಳಿ. ಇದು ಖಾಸಗಿ ಜಮೀನಿಗೆ ಬೇಲಿ ಹಾಕಿ, ಒಳಗೆ ಕಾಡುಪ್ರಾಣಿ ಸಾಕುವ ವ್ಯಾಪಾರ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ನಿಮ್ಮ ಕಾಫಿ ತೋಟಕ್ಕೆ ಆನೆ ಬಂದರೂ ಆನೆ ನಿಮ್ಮದಾಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹಾಗಲ್ಲ. ಅಲ್ಲಿ 1991ರಲ್ಲಿ ಒಂದು ಕಾನೂನು ಬಂತು. ಬೇಲಿ ಸಾಕಷ್ಟು ಗಟ್ಟಿಯಾಗಿದೆ ಅಂತ ಪ್ರಾಂತ್ಯ ಸರ್ಕಾರ ಪ್ರಮಾಣಪತ್ರ ಕೊಟ್ಟರೆ, ಒಳಗಿರುವ ಪ್ರಾಣಿ ಜಮೀನಿನ ಮಾಲೀಕನದು. ತಪ್ಪಿಸಿಕೊಂಡು ಆಚೆ ಹೋದರೂ ಅವನದೇ. ಹರಾಜು ಹಾಕಬಹುದು, ಬೇಟೆಗೆ ಬಿಡಬಹುದು. ಹೀಗಾಗಿ ದನ ಮೇಯಿಸುತ್ತಿದ್ದವರು ದನ ಮಾರಿ ಇಂಪಾಲಾ, ಕುಡು ಅನ್ನುವ ಜಿಂಕೆಯಂಥ ಪ್ರಾಣಿಗಳನ್ನು, ಆಫ್ರಿಕಾದ ಕಾಡೆಮ್ಮೆಗಳನ್ನು ತಂದು ಬಿಟ್ಟರು. ಇವತ್ತು ಆ ದೇಶದಲ್ಲಿ ಇಂಥ ಖಾಸಗಿ ರ‍್ಯಾಂಚ್‌ಗಳು ಸುಮಾರು 9,000 ಇವೆ. ಇಡೀ ವ್ಯಾಪಾರ ನಿಂತಿರುವುದು ಬೇಲಿಯ ಮೇಲೆ. ಹಾಗಿರುವಾಗ ಬೇಲಿಗೆ ಎರಡು ಕಡೆ ಇರುತ್ತವೆ ಅನ್ನುವುದು ಕೊಳ್ಳುವವರಿಗೆ ಹೊಳೆಯಬೇಕು ಅಲ್ವಾ?

ಈಗ ಆ ಆಚೆ ಕಡೆಯ ಕಥೆ ಹೇಳುತ್ತೇನೆ. 1913ರಲ್ಲಿ ಅಲ್ಲಿನ ಬಿಳಿಯರ ಸರ್ಕಾರ ಒಂದು ಭೂ ಕಾಯ್ದೆ ತಂದಿತು. ದೇಶದ ಬಹುಸಂಖ್ಯಾತ ಕಪ್ಪು ಜನರಿಗೆ ಅಂತ ಉಳಿಸಿದ್ದು ಸುಮಾರು ನೂರಕ್ಕೆ 7 ಭಾಗ ನೆಲ. 1936ರಲ್ಲಿ ಅದನ್ನು 13ರ ಹತ್ತಿರಕ್ಕೆ ಏರಿಸಿದರು. ಉಳಿದ ನೆಲದಲ್ಲಿ ಅವರು ಜಮೀನು ಕೊಳ್ಳುವ ಹಾಗಿರಲಿಲ್ಲ. ತಲೆಮಾರುಗಳಿಂದ ಇದ್ದವರನ್ನು ಎಬ್ಬಿಸಿ ಕಳುಹಿಸಿದರು. ನೀವು ಬ್ರೋಷರ್‌ನಲ್ಲಿ ನೋಡುವ "ಜನ ಸಂಚಾರವೇ ಇಲ್ಲದ ನಿರ್ಮಲ ಕಾಡು" ಇದೆಯಲ್ಲ, ಅಲ್ಲಿ ಜನ ಯಾಕಿಲ್ಲ ಅಂತ ಕೇಳಿದಿರಾ? ಬಹಳಷ್ಟು ಕಡೆ ಜನ ಇದ್ದರು. ಓಡಿಸಿದರು.

ವರ್ಣಭೇದ ಹೋದ ಮೇಲೆ, 1994ರಲ್ಲಿ ಭೂಮಿ ವಾಪಸಿನ ಕಾನೂನು ಬಂತು. 1913ರ ಜೂನ್ 19ರ ನಂತರ ನೆಲ ಕಳೆದುಕೊಂಡವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅರ್ಜಿ ಹಾಕಬಹುದು ಅಂತ. ಆ ಅರ್ಜಿಗಳಲ್ಲಿ ಎಷ್ಟೋ ಇನ್ನೂ ಇತ್ಯರ್ಥ ಆಗಿಲ್ಲ. ಊರಲ್ಲಿ ಒಂದು ಥರ್ಟಿ ಫಾರ್ಟಿ ಸೈಟ್ ತಗೊಳ್ಳುವಾಗ ಇಸಿ ತೆಗೆಸುತ್ತೀರಿ, ಮೂಲ ಪತ್ರ ಕೇಳುತ್ತೀರಿ, ಮಾರುವವನ ಅಕ್ಕತಂಗಿಯರ ಸಹಿ ಕೂಡ ಹಾಕಿಸುತ್ತೀರಿ. ಸಾವಿರಾರು ಎಕರೆ ಕೊಳ್ಳುವಾಗ ಮಾತ್ರ ಡ್ರೋನ್ ವಿಡಿಯೊ ನೋಡಿ ಅಡ್ವಾನ್ಸ್ ಕೊಡುತ್ತೀರಾ?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ಮಾಲಾಮಾಲಾ ಅಂತ ಪ್ರಸಿದ್ಧ ಖಾಸಗಿ ಮೀಸಲು ಕಾಡು ಇದೆ. ಚಿರತೆ ನೋಡೋಕೆ ಪ್ರಪಂಚದ ಶ್ರೀಮಂತರು ಅಲ್ಲಿಗೆ ಹೋಗುತ್ತಾರೆ. ಆ ನೆಲ ನಮ್ಮದು ಅಂತ ಸ್ಥಳೀಯ ಸಮುದಾಯ ಅರ್ಜಿ ಹಾಕಿತ್ತು. ಕೇಸು ಸಂವಿಧಾನ ನ್ಯಾಯಾಲಯದ ತನಕ ಹೋಯಿತು. ಕೊನೆಗೆ 2013ರಲ್ಲಿ ಸರ್ಕಾರ ಅಲ್ಲಿನ ದುಡ್ಡಿನಲ್ಲಿ ಸುಮಾರು 100 ಕೋಟಿ ರ‍್ಯಾಂಡ್ ಕೊಟ್ಟು ಜಮೀನು ಕೊಂಡು ಆ ಜನಕ್ಕೆ ಒಪ್ಪಿಸಿತು. ಈ ಹೆಸರು ನಿಮ್ಮ ಏಜೆಂಟ್ ಬಾಯಲ್ಲಿ ಬಂತಾ? ಬಂದಿರುವುದಿಲ್ಲ.

ಇನ್ನೊಂದು ವಿಷಯ. ಎಬ್ಬಿಸಿ ಕಳುಹಿಸಿದ ಜನರ ಹಿರಿಯರ ಸಮಾಧಿಗಳು ಎಷ್ಟೋ ರ‍್ಯಾಂಚ್‌ಗಳ ಒಳಗೇ ಉಳಿದುಬಿಟ್ಟಿವೆ. ಕಲ್ಲು ಜೋಡಿಸಿದ ಗುಡ್ಡೆ ಅಷ್ಟೇ, ಹೆಸರು ಕೂಡ ಇರುವುದಿಲ್ಲ. 1997ರ ಕಾನೂನಿನ ಪ್ರಕಾರ, ಬೇರೆಯವರ ಜಮೀನಿನಲ್ಲಿರುವ ತಮ್ಮ ಮನೆಯವರ ಸಮಾಧಿಗೆ ಹೋಗುವ, ಅದನ್ನು ನೋಡಿಕೊಳ್ಳುವ ಹಕ್ಕು ಅವರಿಗಿದೆ. ಅದೇ ಹುಲ್ಲಿನಲ್ಲಿ ನೀವು ಕಾಡೆಮ್ಮೆ, ಸಿಂಹ ಬಿಟ್ಟಿದ್ದರೆ? ಅಪ್ಪನ ಸಮಾಧಿಗೆ ಹೂವಿಡಲು ಬಂದ ಅಜ್ಜಿ ನಿಮ್ಮ ಗೇಟಿನಲ್ಲಿ ಗಾರ್ಡ್ ಹತ್ತಿರ ಅನುಮತಿ ಕೇಳಿ ನಿಲ್ಲಬೇಕು. ಆ ಅಜ್ಜಿಗೆ ನೀವು ಏನು ಹೇಳುತ್ತೀರಿ? ಬೇಲಿ ಆಚೆ ಯಾರಿದ್ದಾರೆ ಅಂತ ನಾನು ಕೇಳುತ್ತಿರುವುದು ಈ ಅಜ್ಜಿಯ ವಿಚಾರ.

ಸ್ವಲ್ಪ ತಾಳಿ. ಮೊದಲ ಸಲ ಬಂದವರು ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಮೀಬಿಯಾ ಬಗ್ಗೆ ಮಾಡಿದ ಹಳೇ ವಿಡಿಯೊದ ಕೊಂಡಿ ಕೆಳಗಿದೆ. ಅದಕ್ಕೆ ಬಹಳ ಶ್ರಮ ಹಾಕಿದ್ದೇನೆ, ದಯವಿಟ್ಟು ನೋಡಿ.

ಈಗ ಜಿಂಬಾಬ್ವೆಗೆ ಬನ್ನಿ. ಸಾವೆ ವ್ಯಾಲಿ ಕನ್ಸರ್ವೆನ್ಸಿ. ಕನ್ಸರ್ವೆನ್ಸಿ ಅಂದರೆ ಅಕ್ಕಪಕ್ಕದವರು ಒಟ್ಟಾಗಿ ನೋಡಿಕೊಳ್ಳುವ ವನ್ಯಜೀವಿ ಪ್ರದೇಶ. ಅಲ್ಲಿ ಹಿಂದೆ ದನದ ರ‍್ಯಾಂಚ್‌ಗಳಿದ್ದವು. 1991-92ರ ಬರಗಾಲ ದನಗಳನ್ನು ನುಂಗಿತು. ಆ ಹೊತ್ತಿಗೆ ಮಾಲೀಕರೆಲ್ಲ ಒಂದಾಗಿ, ತಮ್ಮ ತಮ್ಮ ನಡುವಿನ ಬೇಲಿ ಕಿತ್ತು, ಹೊರಗಿನ ಸುತ್ತಳತೆಗೆ ಎರಡು ಸಾಲು ಬೇಲಿ ಹಾಕಿದರು. ಸುಮಾರು 3,400 ಚದರ ಕಿಲೋಮೀಟರ್! ಗೊನರೆಝೌ ಕಾಡಿನಿಂದ ಆನೆ ಕುಟುಂಬಗಳನ್ನೇ ಲಾರಿಯಲ್ಲಿ ತಂದು ಬಿಟ್ಟರು. ಕಾಡೆಮ್ಮೆ, ಘೇಂಡಾಮೃಗ, ಕಾಡುನಾಯಿ ಎಲ್ಲ ಬಂದವು. ಕೆಲಸ ನಿಜಕ್ಕೂ ದೊಡ್ಡದು, ನಾನು ಕೈ ಮುಗಿಯುತ್ತೇನೆ. ಆದರೆ ಬೇಲಿಗೆ ತಾಗಿದಂತೆಯೇ ಒಣ ನೆಲದಲ್ಲಿ ಜೋಳ ಬಿತ್ತಿ ಮಳೆಗೆ ಕಾಯುವ ಸಾವಿರಾರು ಕುಟುಂಬಗಳಿದ್ದವು.

2000ದಲ್ಲಿ, ಬಿಳಿಯರ ಜಮೀನು ತೆಗೆದುಕೊಂಡು ಕಪ್ಪು ಜನರಿಗೆ ಹಂಚುವ ಭೂ ಸುಧಾರಣೆಯ ಗಲಾಟೆ ಶುರುವಾಯಿತು. ಜನ ಒಳಗೆ ಬಂದರು. ಬೇಲಿ ಬಿತ್ತು. ಮುಂದೆ ಏನಾಯಿತು ಗೊತ್ತಾ? ಬೇಲಿಯ ತಂತಿಯೇ ಉರುಳಾಯಿತು. ಒಂದಷ್ಟು ಉದ್ದ ತಂತಿ ಕತ್ತರಿಸಿ, ಒಂದು ತುದಿಗೆ ಕಣ್ಣಿ ಮಾಡಿ, ಅದರೊಳಗೆ ಇನ್ನೊಂದು ತುದಿ ತೂರಿಸಿ, ನೀರಿಗೆ ಹೋಗುವ ಜಾಡಿನಲ್ಲಿ ಇಂಪಾಲಾದ ಕುತ್ತಿಗೆ ಎತ್ತರಕ್ಕೆ ಮರಕ್ಕೆ ಕಟ್ಟಿದರೆ ಮುಗಿಯಿತು. ಪ್ರಾಣಿ ಎಳೆದಷ್ಟೂ ಬಿಗಿಯುತ್ತದೆ. ಇಂಪಾಲಾಗೆ ಇಟ್ಟ ಉರುಳಿಗೆ ಕಾಡುನಾಯಿಯೂ ಬೀಳುತ್ತದೆ, ಘೇಂಡಾಮೃಗದ ಮರಿಯ ಕಾಲೂ ಸಿಗುತ್ತದೆ. 2001ರಿಂದ 2009ರ ನಡುವೆ ಅಲ್ಲಿನ ಕಾವಲುಗಾರರು 80 ಸಾವಿರಕ್ಕೂ ಹೆಚ್ಚು ಉರುಳು ಕಿತ್ತು ತೆಗೆದರು. ಕಣ್ಣಿಗೆ ಬಿದ್ದದ್ದು ಅಷ್ಟು.

"ಅದು ಮುಗಾಬೆ ರಾಜಕೀಯ" ಅಂತ ಬರೆಯುತ್ತೀರಿ, ಗೊತ್ತು. ಆಗ ಜಿಂಬಾಬ್ವೆ ಅಧ್ಯಕ್ಷರಾಗಿದ್ದ ಮುಗಾಬೆಯ ರಾಜಕೀಯ ಇತ್ತು, ಸರಿ. ಆದರೆ ಹೊಟ್ಟೆ ತುಂಬಿದವನು, ಆ ಕಾಡಿನ ಆದಾಯದಲ್ಲಿ ಪಾಲು ಇದ್ದವನು ಬೇಲಿ ಕಿತ್ತು ಉರುಳು ಮಾಡುತ್ತಾನಾ? ನಿಮ್ಮ ಬೇಲಿ ಉಳಿಯುವುದು, ಬೀಳುವುದು ಎರಡೂ ಆಚೆ ಕಡೆಯವರ ಕೈಯಲ್ಲಿದೆ ಸ್ವಾಮಿ. ಇದಕ್ಕಿಂತ ಸರಳವಾಗಿ ಹೇಳೋಕೆ ನನಗೆ ಬರುವುದಿಲ್ಲ.

"ಗನ್ ಇಟ್ಟು ಕಾವಲು ಹಾಕಿದರಾಯಿತು" ಅಂತ ಇನ್ನೊಬ್ಬರು. ಹಾಕಿ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಜಾನ್ ಹ್ಯೂಮ್ ಅಂತ ಒಬ್ಬರಿದ್ದಾರೆ, ಪ್ರಪಂಚದಲ್ಲೇ ಅತಿ ಹೆಚ್ಚು ಘೇಂಡಾಮೃಗ ಸಾಕಿದವರು. 7,800 ಹೆಕ್ಟೇರು, ಸುಮಾರು 2,000 ಬಿಳಿ ಘೇಂಡಾಮೃಗ. ಕಾವಲಿನ ಖರ್ಚೇ ಕೈ ಕಚ್ಚಿತು. 2023ರ ಏಪ್ರಿಲ್‌ನಲ್ಲಿ ಇಡೀ ರ‍್ಯಾಂಚ್ ಹರಾಜಿಗೆ ಇಟ್ಟರು. ಆರಂಭಿಕ ಬೆಲೆ 1 ಕೋಟಿ ಡಾಲರ್. ಒಬ್ಬನೇ ಒಬ್ಬ ಬಿಡ್ ಕೂಗಲಿಲ್ಲ. ಕೊನೆಗೆ ಅದೇ ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಪಾರ್ಕ್ಸ್ ಅನ್ನುವ ಸಂಸ್ಥೆ ಕೊಂಡಿತು, ಹತ್ತು ವರ್ಷದಲ್ಲಿ ಅವನ್ನು ಬೇರೆ ಬೇರೆ ಕಾಡಿಗೆ ಬಿಡುತ್ತೇವೆ ಅಂತ. ಅಷ್ಟು ದೊಡ್ಡ ಕುಳಕ್ಕೇ ಆಗದ್ದು ನಿಮ್ಮ ಫ್ರೆಂಡ್ಸ್ ಗ್ರೂಪಿಗೆ ಆಗುತ್ತಾ? ರಿಸರ್ವ್ ಬ್ಯಾಂಕ್ ನಿಮಗೆ ವರ್ಷಕ್ಕೆ ಹೊರಗೆ ಕಳುಹಿಸಲು ಬಿಡುವುದೇ ತಲೆಗೆ 2.5 ಲಕ್ಷ ಡಾಲರ್.

"ಪ್ರಾಣಿ ಮಾರಿ ದುಡ್ಡು ಮಾಡ್ತೀವಿ" ಅನ್ನುವವರಿಗೆ: 2016ರಲ್ಲಿ ಹೊರೈಜನ್ ಅನ್ನುವ ಒಂದು ಕಾಡೆಮ್ಮೆ ಗೂಳಿಯ ಮಾಲೀಕತ್ವದ ಕಾಲು ಭಾಗ 4.4 ಕೋಟಿ ರ‍್ಯಾಂಡ್‌ಗೆ ಹೋಯಿತು. ಕಾಲು ಭಾಗ! ಆಮೇಲೆ ಆ ಮಾರುಕಟ್ಟೆ ಕುಸಿಯಿತು. ಕಪ್ಪು ಇಂಪಾಲಾ, ಚಿನ್ನದ ಬಣ್ಣದ ವೈಲ್ಡ್‌ಬೀಸ್ಟ್ ಅಂತ ಬಣ್ಣಕ್ಕೆ ದುಡ್ಡು ಸುರಿದವರು ಮುಳುಗಿದರು. ದಕ್ಷಿಣ ಆಫ್ರಿಕಾದ ಈಗಿನ ಅಧ್ಯಕ್ಷ ರಾಮಫೋಸಾ 2012ರಲ್ಲಿ ಒಂದು ಕಾಡೆಮ್ಮೆಗೆ ಕೋಟಿಗಟ್ಟಲೆ ರ‍್ಯಾಂಡ್ ಬಿಡ್ ಕೂಗಿ, ಇಷ್ಟು ಬಡತನ ಇರುವ ದೇಶದಲ್ಲಿ ಹಾಗೆ ಮಾಡಿದ್ದು ತಪ್ಪು ಅಂತ ಆಮೇಲೆ ಜನರ ಕ್ಷಮೆ ಕೇಳಿದರು. ಅವರಿಗೂ ಬೇಲಿ ಆಚೆಯವರು ಕಂಡದ್ದು ಕೂಗಿದ ಮೇಲೆ!

ಹಾಗಾದರೆ ದಾರಿಯೇ ಇಲ್ವಾ? ಇದೆ. ಕ್ರೂಗರ್‌ನ ಉತ್ತರ ತುದಿಯಿಂದ 1969ರಲ್ಲಿ ಮಕುಲೆಕೆ ಜನರನ್ನು ಓಡಿಸಿದರು. ಅವರ ಮನೆಗೆ ಅವರ ಕೈಯಿಂದಲೇ ಬೆಂಕಿ ಇಡಿಸಿದರು. 1998ರಲ್ಲಿ ಸುಮಾರು 24,000 ಹೆಕ್ಟೇರು ವಾಪಸ್ ಸಿಕ್ಕಿತು. ಅವರು ಅಲ್ಲಿ ಹೊಲ ಮಾಡಲಿಲ್ಲ. ಕಾಡಾಗಿಯೇ ಉಳಿಸಿ, ಲಾಡ್ಜ್‌ಗಳಿಗೆ ಗುತ್ತಿಗೆ ಕೊಟ್ಟು ಆದಾಯ ತೆಗೆದುಕೊಳ್ಳುತ್ತಿದ್ದಾರೆ. ಫಿಂಡಾ ಅನ್ನುವ ಕಾಡಿನಲ್ಲೂ 2007ರಲ್ಲಿ ನೆಲ ಎರಡು ಸಮುದಾಯಗಳಿಗೆ ಹೋಯಿತು. ಅವರು ಅದನ್ನೇ ಗುತ್ತಿಗೆಗೆ ಕೊಟ್ಟರು. 2023ರಲ್ಲಿ ನಮ್ಮ ಕುನೋಗೆ ಬಂದ ಚೀತಾಗಳಲ್ಲಿ ಮೂರು ಈ ಫಿಂಡಾದವು! ನಮೀಬಿಯಾದಲ್ಲಂತೂ 1996ರ ಕಾನೂನಿನ ನಂತರ ಹಳ್ಳಿಗರೇ ಕನ್ಸರ್ವೆನ್ಸಿ ಕಟ್ಟಿಕೊಂಡು ಪ್ರಾಣಿಗಳಿಂದ ಬರುವ ಆದಾಯದ ಹಕ್ಕು ಪಡೆದರು. ಈಗ ಅಂಥವು 86 ಇವೆ.

"ಕೊಡಗಿನಲ್ಲಿ ಸಾಯಿ ಸ್ಯಾಂಕ್ಚುರಿ ಇಲ್ವಾ, ಅವರೂ ಜಮೀನು ಕೊಂಡು ಕಾಡು ಮಾಡಲಿಲ್ವಾ?" ಮಾಡಿದರು, ನನಗೆ ಬಹಳ ಗೌರವ ಇದೆ. ಅಲ್ಲಿ ಯಾವ ಪ್ರಾಣಿಯೂ ಅವರದಲ್ಲ, ಯಾವುದನ್ನೂ ಮಾರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. "ಖಾಸಗಿಯವರಿಂದಲೇ ಘೇಂಡಾಮೃಗ ಉಳಿದದ್ದು." ಹೌದು, ದಕ್ಷಿಣ ಆಫ್ರಿಕಾದ ಬಿಳಿ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಸಗಿಯವರ ಹತ್ತಿರವೇ ಇವೆ. ಇರಲಿ! ನಾಳೆ ಅವುಗಳನ್ನು ಕಾಯುವವರು ಯಾರು? ಸುತ್ತಲ ಹಳ್ಳಿಯವರು ತಾನೆ? "ನಿಮಗೆ ಹೊಟ್ಟೆಕಿಚ್ಚು." ಇದಕ್ಕೆ ಉತ್ತರ ಕೊಡೋದಿಲ್ಲ. ಇದು ಮಾತೇ ಅಲ್ಲ.

ಜಿರಾಫೆ ಲೆಕ್ಕ ಬಿಡಿ. ಏರ್‌ಸ್ಟ್ರಿಪ್ ಬಿಡಿ. ಲಾಡ್ಜಿನ ಹುಲ್ಲು ಚಾವಣಿ, ಈಜುಕೊಳ, ಸಂಜೆ ಬೆಂಕಿ ಹಾಕಿ ಕೂರುವ ಜಾಗ, ಎಲ್ಲ ಬಿಡಿ. ಬೇಲಿ ಆಚೆ ಯಾರಿದ್ದಾರೆ? ಅವರ ಮಕ್ಕಳ ಶಾಲೆ ಎಲ್ಲಿದೆ? ಅವರ ನೀರು ಎಲ್ಲಿಂದ ಬರುತ್ತದೆ, ನಿಮ್ಮ ಡ್ಯಾಮಿನಿಂದಲಾ? ನಿಮ್ಮ ಆದಾಯದಲ್ಲಿ ಅವರಿಗೆ ಎಷ್ಟು? ಕಾಗದದ ಮೇಲೆ ಎಷ್ಟು, ಕೈಗೆ ಎಷ್ಟು? ಇದಕ್ಕೆ ಉತ್ತರ ಇಲ್ಲದ ಏಜೆಂಟಿಗೆ ಒಂದು ರೂಪಾಯಿ ಕೊಡಬೇಡಿ. ಒಂದು ರೂಪಾಯಿ! ಬೇಲಿ ಆಚೆ ಯಾರು ಅಂತ ಕೇಳಿ, ಮತ್ತೆ ಕೇಳಿ, ಅವನು ಫೋನ್ ಇಡುವ ತನಕ ಕೇಳಿ.

ಸರಿ, ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಪಿಡಿಎಫ್ ಮಾಡಿದ್ದೇನೆ. ಮೆಂಬರ್ ಆದವರಿಗೆ ಇವತ್ತೇ ಸಿಗುತ್ತದೆ, ಉಳಿದವರಿಗೆ ಮುಂದಿನ ವಾರ. ನಿಮಗೆ ಯಾರಾದರೂ ಇಂಥ ರ‍್ಯಾಂಚ್‌ನ ಬ್ರೋಷರ್ ಕಳುಹಿಸಿದ್ದರೆ ನನಗೂ ಕಳುಹಿಸಿ. ಭಾನುವಾರ ರಾತ್ರಿ ಎಂಟಕ್ಕೆ ಲೈವ್‌ನಲ್ಲಿ ಕೂತು ಒಂದೊಂದೇ ಪುಟ ನೋಡೋಣ. ಬೇಗ ಬನ್ನಿ.