ಬಲಗೈಗೆ ಕೊತ್ತಂಬರಿ ಬೀಜ

ಕೇಳುಗರಿಗೆ ನಮಸ್ಕಾರ.

ಕೊತ್ತಂಬರಿ ಬೀಜವನ್ನು ಇಡಿಯಾಗಿ ಬಿತ್ತುವುದಿಲ್ಲ ಎಂಬುದು ಮನೆಯಲ್ಲಿ ಸೊಪ್ಪು ಬೆಳೆದವರಿಗೆ ಗೊತ್ತು. ನೆಲದ ಮೇಲೆ ಹರಡಿ, ಅಂಗೈಯಿಂದ ಉಜ್ಜಿ, ಎರಡು ಹೋಳು ಮಾಡಿಕೊಳ್ಳಬೇಕು. ಒತ್ತು ಹೆಚ್ಚಾದರೆ ಪುಡಿಯಾಗುತ್ತದೆ, ಕಡಿಮೆಯಾದರೆ ಬೀಜ ಉರುಳಿಹೋಗುತ್ತದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದ ನನ್ನ ತಂದೆಗೆ ಈ ಕೆಲಸ ಹಚ್ಚಿದವರು ಅಮ್ಮ. ವ್ಯಾಯಾಮಕ್ಕೆಂದು ಕೊಟ್ಟಿದ್ದ ರಬ್ಬರ್ ಚೆಂಡನ್ನು ಅಪ್ಪ ನಾಲ್ಕು ಸಲ ಹಿಸುಕಿ ಮಂಚದ ಕೆಳಗೆ ಉರುಳಿಸಿಬಿಡುತ್ತಿದ್ದರು. ಬೀಜದ ಮುಂದೆ ಮಾತ್ರ ಅರ್ಧ ಗಂಟೆ ಕೂರುತ್ತಿದ್ದರು. ಚೆಂಡು ಮಕ್ಕಳಾಟ, ಬೀಜ ಉಜ್ಜುವುದು ಮನೆಗೆಲಸ. ನಿವೃತ್ತ ಮೇಷ್ಟರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹೀಗೆ ಗಿಡ ಬೆಳೆಸುವ ಕೆಲಸವನ್ನೇ ಮದ್ದಾಗಿಸುವುದಕ್ಕೆ ತೋಟಗಾರಿಕೆ ಚಿಕಿತ್ಸೆ ಎಂಬ ಹೆಸರು ಹೊಸದೆನಿಸಬಹುದು, ತಿಳಿವಳಿಕೆ ಹಳೆಯದು. ಅಮೆರಿಕದ ವೈದ್ಯ ಬೆಂಜಮಿನ್ ರಶ್ 1812ರಲ್ಲೇ ಇದನ್ನು ಗುರುತಿಸಿದ್ದರು. ಸೌದೆ ಕಡಿಯುವ, ಒಲೆ ಹೊತ್ತಿಸುವ, ತೋಟ ಅಗೆಯುವ ಮನೋರೋಗಿಗಳು ಅನೇಕ ವೇಳೆ ಗುಣವಾಗುತ್ತಿದ್ದರಂತೆ. ಅಂತಸ್ತಿನ ಕಾರಣಕ್ಕೆ ಇಂಥ ಕೆಲಸಗಳಿಂದ ವಿನಾಯಿತಿ ಪಡೆದವರು ಆಸ್ಪತ್ರೆಯ ಗೋಡೆಗಳ ನಡುವೆಯೇ ಸೊರಗುತ್ತಿದ್ದರು. ಕೈಗೆ ಮಣ್ಣು ತಾಗಿದರೆ ಮರ್ಯಾದೆ ಹೋದೀತು ಎಂಬ ರೋಗ ನಮ್ಮಲ್ಲೂ ಇದೆಯಲ್ಲ!

1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಅವರಾದರೋ ಬರೀ ನೋಡಿದವರು. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಬೇಕರಿಗಳ ಜೊತೆಗೆ ತೋಟಗಾರಿಕೆಯೂ ರೋಗಿಗಳು ಕೈಯಾರೆ ಮಾಡುವ ಕಸುಬು.

ಮನೆಯಲ್ಲಿ ಶುರುಮಾಡುವವರು ಕುಂಡಗಳನ್ನು ಸೊಂಟದೆತ್ತರದ ಬೆಂಚಿನ ಮೇಲಿಡಿ. ಬಗ್ಗಿ ಬಿದ್ದರೆ ಇದ್ದ ಧೈರ್ಯವೂ ಹೋಗುತ್ತದೆ. ಮಧುಮೇಹಿಗಳು ಬರಿಗಾಲಿನಲ್ಲಿ ಮಣ್ಣಿಗಿಳಿಯಬಾರದು. ಕೆಲವು ಮನೋರೋಗದ ಮಾತ್ರೆಗಳಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಆದ್ದರಿಂದ ವೈದ್ಯರನ್ನು ಕೇಳಿಕೊಳ್ಳಿ. ಕೊತ್ತಂಬರಿ ಮೊಳೆಯಲು ಹತ್ತು ದಿನವಾದರೂ ಬೇಕು. ಕಾಯಿಲೆಯವರಿಗೆ ಅದು ಬಹಳ ದೀರ್ಘ. ಅಮ್ಮ ಪಕ್ಕದ ಕುಂಡಕ್ಕೆ ಮೆಂತ್ಯ ಚೆಲ್ಲಿದ್ದರು. ನಾಲ್ಕನೆಯ ಬೆಳಗ್ಗೆ ಅದು ತಲೆಯೆತ್ತಿತ್ತು. ಅಪ್ಪ ನನ್ನನ್ನು ಕೂಗಿ ಕರೆದು ತೋರಿಸಿದರು.

ಅವರ ಅಂಗಿಯ ಗುಂಡಿಯನ್ನು ಇಂದಿಗೂ ಅಮ್ಮನೇ ಹಾಕಬೇಕು. ಆದರೆ ಸಾರಿಗೆ ಸೊಪ್ಪು ಕೀಳಲು ಬೇರೆ ಯಾರೂ ಆ ಕುಂಡಕ್ಕೆ ಕೈಹಾಕುವಂತಿಲ್ಲ.

ನಮಸ್ಕಾರ.