ಗ್ಯಾರೇಜ್ ನೆಲಕ್ಕೆ ಹೊಳಪು ಬೇಡ, ಹಿಡಿತ ಬೇಕು

ಗ್ಯಾರೇಜ್ ನೆಲ ಹಾಕಿಸುವ ಬಹಳ ಜನ ಮೇಸ್ತ್ರಿಗೆ ಹೇಳುವುದು ಒಂದೇ ಮಾತು: "ನುಣ್ಣಗೆ ಮಾಡಿಕೊಡಿ." ನನ್ನ ತಕರಾರು ಇರುವುದೇ ಅಲ್ಲಿ. ಗ್ಯಾರೇಜಿಗೆ ಮಳೆಯಲ್ಲಿ ನೆನೆದ ಕಾರು ಬರುತ್ತದೆ, ಟೈರಿನಿಂದ ನೀರು ಇಳಿಯುತ್ತದೆ, ಜೊತೆಗೆ ಎರಡು ಹನಿ ಆಯಿಲ್ ಬಿದ್ದರೆ ಆ ನುಣುಪಿನ ಮೇಲೆ ಯಾರು ಬೇಕಾದರೂ ಜಾರಿ ಬೀಳಬಹುದು, ಅಲ್ವಾ?

ಈ ನುಣುಪು ತರುವ ಸ್ಟೀಲ್ ಕರಣೆ ಕೆಟ್ಟ ಸಾಧನ ಅಂತ ನಾನು ಹೇಳುತ್ತಿಲ್ಲ. ಅದನ್ನು ಒತ್ತಿ ಒತ್ತಿ ಎಳೆದರೆ ನೆಲ ಬಿಗಿಯಾಗುತ್ತದೆ, ಸವೆತವನ್ನೂ ತಡೆಯುತ್ತದೆ. ಆದರೆ ಮರಳಿನ ಕಾಳುಗಳೆಲ್ಲ ಸಿಮೆಂಟಿನ ತೆಳು ಪದರದ ಕೆಳಗೆ ಮುಚ್ಚಿಹೋಗುತ್ತವೆ. ಒದ್ದೆ ಚಪ್ಪಲಿಗೆ ಹಿಡಿತ ಕೊಡುವುದು ಆ ತರಿಯೇ.

ಹಾಗಾಗಿ ನನ್ನ ಆಯ್ಕೆ ಮೆಗ್ನೀಶಿಯಂ ಫ್ಲೋಟ್, ಅಂದರೆ ಹಸಿ ಕಾಂಕ್ರೀಟಿನ ಮೇಲ್ಮೈ ಉಜ್ಜಿ ಸಮ ಮಾಡುವ ಹಿಡಿಕೆಯ ಹಲಗೆ, ಕೊನೆಗೆ ಸಣ್ಣ ಗೆರೆ ಮೂಡಿಸಲು ಮೆತ್ತನೆ ಎಳೆಗಳ ಪೊರಕೆ. ಮರದ ಫ್ಲೋಟ್ ಕೂಡ ಒಳ್ಳೆ ತರಿ ಕೊಡುತ್ತದೆ, ಆದರೆ ಕಾಂಕ್ರೀಟಿಗೆ ಅಂಟಿಕೊಂಡು ಎಳೆಯುತ್ತದೆ, ಕೈಗೆ ಶ್ರಮ ಜಾಸ್ತಿ. ಚಳಿ ದೇಶಗಳಲ್ಲಿ ಸಣ್ಣ ಗಾಳಿಗುಳ್ಳೆ ಸೇರಿಸಿದ ಕಾಂಕ್ರೀಟ್ ಹಾಕುತ್ತಾರಲ್ಲ, ಅದನ್ನು ಮರದ ಫ್ಲೋಟ್ ಹರಿದುಬಿಡುತ್ತದೆ. ಅಂಥ ಕಾಂಕ್ರೀಟಿಗೆ ಸ್ಟೀಲ್ ಕರಣೆಯಂತೂ ಬೇಡವೇ ಬೇಡ. ಮೇಲ್ಮೈ ಬೇಗ ಮುಚ್ಚಿಕೊಂಡು ನೀರು, ಗಾಳಿ ಒಳಗೇ ಸಿಕ್ಕಿಕೊಳ್ಳುತ್ತವೆ, ಆಮೇಲೆ ಪದರ ಪದರವಾಗಿ ಎದ್ದು ಬರುತ್ತದೆ.

ಇಷ್ಟೆಲ್ಲ ಸರಿಯಾಗಿ ಆರಿಸಿಯೂ ಕೆಲಸ ಕೆಡುವುದು ಹೊತ್ತು ತಪ್ಪಿದಾಗ. ಕಾಂಕ್ರೀಟ್ ಸುರಿದು ಮಟ್ಟ ಮಾಡಿದ ಮೇಲೆ ನೀರು ಮೇಲಕ್ಕೆ ಒಸರುತ್ತದೆ. ಆ ನೀರು ಹೋಗಿ, ಒದ್ದೆ ಹೊಳಪು ಮಾಯವಾಗಿ, ಕಾಲಿಟ್ಟರೆ ಸುಮಾರು 6 ಮಿಲಿಮೀಟರ್ ಆಳದ ಗುರುತು ಬೀಳುವಾಗ ಫ್ಲೋಟ್ ಹಿಡಿಯಬೇಕು. ನೀರು ಬೇಗ ಒಣಗಲಿ ಅಂತ ಮೇಲೆ ಸಿಮೆಂಟ್ ಪುಡಿ ಉದುರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ಪದರ ಮುಂದೆ ಧೂಳಾಗಿ ಏಳುತ್ತದೆ, ಇಲ್ಲವೇ ಬಿರಿಯುತ್ತದೆ. ಕೆಲಸ ಸುಲಭವಾಗಲಿ ಅಂತ ನೀರು ಚಿಮುಕಿಸುವುದೂ ಅಷ್ಟೇ ತಪ್ಪು.

ಪೊರಕೆ ಬೇಗ ಎಳೆದರೆ ಮುದ್ದೆ ಮುದ್ದೆಯಾಗಿ ಕಿತ್ತು ಬರುತ್ತದೆ, ತಡವಾದರೆ ಗೆರೆಯೇ ಮೂಡುವುದಿಲ್ಲ. ನೀರು ಹರಿದು ಹೋಗುವ ದಿಕ್ಕಿಗೆ, ಅಂದರೆ ಬಾಗಿಲ ಕಡೆಗೆ ಎಳೆಯಿರಿ. ಒಂದು ಮೀಟರಿಗೆ 10ರಿಂದ 20 ಮಿಲಿಮೀಟರ್ ಇಳಿಜಾರು ಇದ್ದರೆ ನೀರು ಗೆರೆ ಹಿಡಿದು ತಾನೇ ಹೊರಗೆ ಹೋಗುತ್ತದೆ. ಒಂದೇ ಎಳೆತ, ಹಿಂದಕ್ಕೆ ತಳ್ಳಬೇಡಿ, ನಡುನಡುವೆ ಎಳೆಗಳನ್ನು ತೊಳೆದು ಚೆನ್ನಾಗಿ ಕೊಡವಿ.

"ಒರಟು ನೆಲ ಗುಡಿಸೋಕೆ ಕಷ್ಟ" ಅನ್ನುವವರ ಮಾತನ್ನು ನಾನು ತಳ್ಳಿಹಾಕಲ್ಲ. ಗಡುಸು ಪೊರಕೆಯ ಆಳದ ಗೆರೆಯಲ್ಲಿ ಕೊಳೆ, ಗ್ರೀಸ್ ಕೂತುಕೊಳ್ಳುತ್ತವೆ, ಕಾರಿನಡಿ ಮಲಗಿ ಕೆಲಸ ಮಾಡುವ ಗಾಲಿ ಹಲಗೆಯೂ ಸರಾಗವಾಗಿ ಉರುಳುವುದಿಲ್ಲ. ಮೆತ್ತನೆ ಪೊರಕೆ ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಇನ್ನೊಂದು, ಇಷ್ಟು ಕಷ್ಟಪಟ್ಟು ತಂದ ತರಿಯ ಮೇಲೆ ನೀರು, ಎಣ್ಣೆ ಇಂಗದಂತೆ ಹಚ್ಚುವ ಸೀಲರನ್ನು ದಪ್ಪಗೆ ಬಳಿದರೆ ಗೆರೆಗಳೆಲ್ಲ ತುಂಬಿ ಮತ್ತೆ ಜಾರುತ್ತದೆ. ಒಳಗೆ ಇಳಿಯುವ ಸೀಲರ್ ತಗೊಳ್ಳಿ, ಬಣ್ಣವೇ ಬೇಕಿದ್ದರೆ ಅದರಲ್ಲಿ ಜಾರದಂತೆ ತಡೆಯುವ ತರಿ ಬೆರೆಸಿ.

ನೆಲ ಹಾಕುವ ಮೊದಲು ಮೇಸ್ತ್ರಿಗೆ ಹೇಳಿ ಒಂದು ಹಲಗೆಯ ಮೇಲೆ ಮಾದರಿ ಮಾಡಿಸಿ. ಗಟ್ಟಿಯಾದ ಮೇಲೆ ನೀರು ಸುರಿದು, ನೀವು ದಿನಾ ಹಾಕುವ ಚಪ್ಪಲಿಯಲ್ಲೇ ಉಜ್ಜಿ ನೋಡಿ, ಆಮೇಲೆ ಪೊರಕೆ ಯಾವುದು ಅಂತ ತೀರ್ಮಾನಿಸಿ.